ಪರದೆ ಕಿತ್ತ ಲ್ಯಾಪ್‌ಟಾಪ್, ಮಳೆ ಬಂದ ಮದುವೆ

ಕಾಕಾರ ಬಲಭುಜ ಎಡಭುಜಕ್ಕಿಂತ ಕೆಳಗಿತ್ತು. ಕ್ಯಾಸೆಟ್ಟಿನ ಕಾಲದ ಭಾರವಾದ ಕ್ಯಾಮೆರಾ ಹೊತ್ತು ಹೊತ್ತು ಹಾಗಾಗಿತ್ತು. ಅಂಗಿಯ ಆ ಕಡೆಯ ಹೊಲಿಗೆಯೇ ಯಾವಾಗಲೂ ಮೊದಲು ಬಿಚ್ಚುತ್ತಿತ್ತು. ಕೈ ಖಾಲಿಯಿದ್ದಾಗಲೂ ಏನನ್ನೋ ಹೊತ್ತವರಂತೆಯೇ ನಡೆಯುತ್ತಿದ್ದರು.

ಅವರು ನನ್ನ ತಂದೆಯ ತಮ್ಮ. ಜಹೀರಾಬಾದಿನಲ್ಲಿ ಸಣ್ಣ ಸ್ಟುಡಿಯೊ ಇಟ್ಟುಕೊಂಡು, ಇತ್ತ ನಾರಾಯಣಖೇಡದಿಂದ ಅತ್ತ ತಾಂಡೂರಿನವರೆಗೆ ಮದುವೆಗಳ ವಿಡಿಯೊ ತೆಗೆಯುತ್ತಿದ್ದರು. ಒಂದು ಕಡೆ ಕೂತವರಲ್ಲ. ಚಹಾ ಕೂಡ ನಿಂತೇ ಕುಡಿಯುವರು. ಕೂಡ್ರಿ ಎಂದರೆ, "ಕುಂತ್ರ ಅಕ್ಕಿಕಾಳು ಬಿದ್ದು ಹೋಗ್ತಾವ" ಎನ್ನುವರು, ಎದುರಿಗೆ ಅಕ್ಷತೆ ಬೀಳುವ ಮದುವೆ ನಡೆದಿರಲಿ ಬಿಡಲಿ.

ನಮ್ಮ ಕಡೆ ಆಗ ಒಂದು ರೂಢಿ ಬೆಳೆದಿತ್ತು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ದಿನಕರ್ಮ ಮುಗಿಸಿದವರು ಕಾಕಾರ ಅಂಗಡಿಗೆ ಬರುತ್ತಿದ್ದರು. ಸತ್ತವರ ಫೋಟೊ ಮನೆಯ ಗೋಡೆಯ ಮೇಲೆ ಇರುತ್ತಿತ್ತು. ಆದರೆ ಅವರು ನಡೆಯುವುದು, ನಗುವುದು, ಯಾರನ್ನೋ ಗದರುವುದು, ಇವೆಲ್ಲ ಇನ್ನೊಬ್ಬರ ಮದುವೆಯ ವಿಡಿಯೊದಲ್ಲಿ ಮಾತ್ರ ಉಳಿದಿರುತ್ತಿದ್ದವು. ಕಾಕಾ ಹುಡುಕಿ ತೋರಿಸುತ್ತಿದ್ದರು. ತಾವು ಮಾತ್ರ ಹೊರಗೆ ಹೋಗಿ ನಿಲ್ಲುತ್ತಿದ್ದರು.

ಪ್ರತ್ಯೇಕ ರಾಜ್ಯದ ಚಳವಳಿಯ ವರ್ಷಗಳು ಅವು. ಇವತ್ತು ಬಂದ್, ನಾಳೆ ಬಸ್ಸಿಲ್ಲ, ಕರೆಂಟಂತೂ ನೆಚ್ಚುವಂತಿರಲಿಲ್ಲ. ಅಂಗಡಿಯ ದೊಡ್ಡ ಕಂಪ್ಯೂಟರ್ ಹಚ್ಚಿದರೆ ಇನ್ವರ್ಟರ್ ಅರಚುತ್ತಿತ್ತು. ಆಗ ಕಾಕಾ, ಪರದೆ ಒಡೆದು ಮೂಲೆ ಸೇರಿದ್ದ ಒಂದು ಹಳೆಯ ಲ್ಯಾಪ್‌ಟಾಪನ್ನು ಹೊರಗೆ ತೆಗೆದರು. ಒಡೆದ ಪರದೆ ಕಿತ್ತರು, ಕಾವು ಹೋಗಲೆಂದು ಕೀಲಿಮಣೆಯನ್ನೂ ಕಿತ್ತರು. ಉಳಿದದ್ದನ್ನು ತಣ್ಣಗಿರಲೆಂದು ತಾಂಡೂರು ಕಲ್ಲಿನ ಚಪ್ಪಡಿಯ ಮೇಲೆ, ಕೆಳಗೆ ಸೀಸೆಯ ಮುಚ್ಚಳಗಳನ್ನು ಕೊಟ್ಟು ಇಟ್ಟರು. ಹಳೆಯ ಮದುವೆಗಳನ್ನೆಲ್ಲ ಅದರೊಳಗೆ ಇಳಿಸಿ, ವೈಫೈ ಪೆಟ್ಟಿಗೆಗೆ ಜೋಡಿಸಿದರು. ಅಂಗಡಿಯ ಟಿವಿಯಲ್ಲೂ ಹಿಂದಿನ ಮನೆಯ ಟಿವಿಯಲ್ಲೂ ಬೇಕಾದ ಮದುವೆ ನೋಡಬಹುದಾಯಿತು. ಹಗಲೂ ರಾತ್ರಿ ಓಡಿದರೂ ಅದಕ್ಕೆ ಒಂದು ಬಲ್ಬಿನಷ್ಟು ಕರೆಂಟು ಸಾಕು.

"ಆಡು ಇದ್ದಂಗ ಅದ ನೋಡವ್ವ ಇದು. ಮೇವು ಕಮ್ಮಿ, ಹಾಲು ದಿನಾ," ಎನ್ನುವರು ಕಾಕಾ ನನಗೆ.

ಮಗುವಿನ ಹಣೆ ಮುಟ್ಟುವಂತೆ ಹಿಂಗೈಯಿಂದ ಅದನ್ನು ಗಳಿಗೆಗೊಮ್ಮೆ ಮುಟ್ಟುತ್ತಿದ್ದರು. ಮದುವೆಗಳಿಗೆ ವಧೂವರರ ಹೆಸರಿಟ್ಟವರಲ್ಲ. ಕುದುರಿ ಓಡಿಹೋದ ಮದಿವಿ, ಬೀಗರು ಮುನಿದ ಮದಿವಿ, ಮಳಿ ಬಂದ ಮದಿವಿ, ಹೀಗೆ ಇರುತ್ತಿದ್ದವು ಹೆಸರು.

ಆ ಯಂತ್ರದಲ್ಲಿ ಜಾಗ ಕಡಿಮೆ. ಅದಕ್ಕೇ ಕಾಕಾ ಇಳಿಸುವಾಗ ಊಟದ ಸಾಲುಗಳನ್ನು ಕತ್ತರಿಸಿದ್ದರು. ಮಂದಿ ಉಣ್ಣುವುದನ್ನು ಯಾರು ನೋಡುತ್ತಾರೆ ಎಂದು ಅವರ ಲೆಕ್ಕ. ಕ್ಯಾಸೆಟ್ಟುಗಳನ್ನು ಆಯಾ ಮನೆಗಳಿಗೆ ಮರಳಿಸಿಬಿಟ್ಟಿದ್ದರು.

ಬಂದ್ ಸಡಿಲವಾಗಿದ್ದ ಒಂದು ದಿನ ನಾರಾಯಣಖೇಡದ ಕಡೆಯಿಂದ ಒಬ್ಬ ತಾಯಿ ಬಂದಳು. ಕುರಿ ಸಾಕುವ ಮನೆಯವಳು. ಚಳವಳಿಯ ದಿನಗಳಲ್ಲಿ ತೀರಿಹೋದ ಹುಡುಗರಲ್ಲಿ ಅವಳ ಮಗನೂ ಒಬ್ಬ. ಹೇಗೆ ಹೋದ ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಅವನು ಮದುವೆಗಳಲ್ಲಿ ಬಡಿಸುವ ಹುಡುಗರ ಜೊತೆ ಹೋಗುತ್ತಿದ್ದನಂತೆ.

"ತಾಂಡೂರದಾಗ ಒಂದು ಮದಿವಿಗಿ ಬಡಸಾಕ ಹೋಗಿದ್ದರಿ. ಭಾಳ ಮಳಿ ಬಂತು ಅಂದಿದ್ದ."

ಕಾಕಾ ಕೂಡಲೇ ಮಳಿ ಬಂದ ಮದಿವಿ ಹಚ್ಚಿದರು. ಟಿವಿಯಲ್ಲಿ ಅಕ್ಕಿಕಾಳು ಬಿತ್ತು, ಮಳೆ ಬಂತು, ಜನ ಚಪ್ಪರದ ಬಟ್ಟೆಯನ್ನು ಕೋಲಿನಿಂದ ಎತ್ತಿ ನೀರು ಚೆಲ್ಲಿದರು. ಆಮೇಲೆ ಮದುಮಗಳು ಅಳುತ್ತ ಗಾಡಿ ಹತ್ತಿದಳು.

"ಊಟದ್ದು ಎಲ್ಲದರಿ?" ಎಂದಳು ತಾಯಿ.

"ನಾನೇ ತಗದು ಒಗದೀನವ್ವ," ಎಂದರು ಕಾಕಾ.

ಅವಳು ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದಳು. "ಹಂಗಾರ ಅಂವ ಇಲ್ಲೂ ಇಲ್ಲ," ಎಂದಳು.

ಕಾಕಾ ಆ ದಿನವೆಲ್ಲ ಅಂಗಡಿಯೊಳಗೂ ಹೊರಗೂ ತಿರುಗಿದರು. ಮರುದಿನ ಮತ್ತೆ ಬಂದ್. ಸ್ಕೂಟರ್ ತೆಗೆದು, ಆ ಮದುವೆಯ ಕ್ಯಾಸೆಟ್ ತರಲು ತಾಂಡೂರಿಗೆ ಹೊರಟೇಬಿಟ್ಟರು. ನಾನು ಕಲಿಸುತ್ತಿದ್ದ ಶಾಲೆ ಮುಷ್ಕರದಿಂದ ಮುಚ್ಚಿತ್ತು. ಅವರನ್ನು ಒಬ್ಬರನ್ನೇ ಬಿಡಲಾರದೆ ಹಿಂದೆ ಕೂತೆ. ಕೊಹೀರ್ ದಾಟಿದ ಮೇಲೆ ಹುಡುಗರು ರಸ್ತೆಗೆ ಕಲ್ಲಿಟ್ಟು, ನಡುರಸ್ತೆಯಲ್ಲೇ ಒಲೆ ಹೂಡಿ ಅಡುಗೆ ಮಾಡಿದ್ದರು. ಆಗಿನ ಚಳವಳಿಯಲ್ಲಿ ಅದೂ ಒಂದು ಬಗೆ. ರಸ್ತೆಯಲ್ಲೇ ಬೇಯಿಸಿ, ತಾವು ತಡೆದು ನಿಲ್ಲಿಸಿದವರನ್ನೂ ಕೂರಿಸಿ ಉಣ್ಣಿಸುವುದು.

ಕ್ಯಾಮೆರಾದ ಚೀಲ ನೋಡಿ ಒಬ್ಬ ಕೇಳಿದ: "ಬಂದ್ ದಿನಾ ಯಾರ ಮದಿವಿ ಹಿಡಿಯಾಕ ಹೊಂಟೀರಿ ಕಾಕಾ?"

ಉಳಿದವರು ನಕ್ಕರು. ಕಾಕಾ ಯಾರ ಸಲುವಾಗಿ ಹೊರಟಿದ್ದೇವೆಂದು, ಎಲ್ಲರಿಗೂ ತಿಳಿಯಲೆಂದು ತೆಲುಗಿನಲ್ಲಿ ಹೇಳಿದರು. ನಗು ನಿಂತಿತು. ಸವುಟು ಹಿಡಿದಿದ್ದವನೇ ಬಂದು ಕಲ್ಲು ಸರಿಸಿದ. ಆದರೆ ಉಂಡೇ ಹೋಗಬೇಕೆಂದ. ಕಾಕಾ ಬೇರೆಯವರ ಊಟದ ಸಾಲಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅಂದೇ. ಅನ್ನ ಕಲಸುತ್ತ, ಬಡಿಸುವ ಹುಡುಗರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.

ತಾಂಡೂರಿನ ಮದುವೆ ಮನೆಯವರು ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗಿಂದ ಕ್ಯಾಸೆಟ್ ತೆಗೆದುಕೊಟ್ಟರು. ಊರಿಗೆ ಮರಳಿದ್ದೇ ಕಾಕಾ ಅದನ್ನು ಲ್ಯಾಪ್‌ಟಾಪಿಗೆ ಇಳಿಸಲು ಹಚ್ಚಿದರು. ಮದುವೆಯನ್ನು ಎಷ್ಟು ಹೊತ್ತು ಹಿಡಿದಿದ್ದರೋ ಇಳಿಯಲೂ ಅಷ್ಟೇ ಹೊತ್ತು ಬೇಕು. ನಡುವೆ ಕರೆಂಟು ಹೋಯಿತು. ಇನ್ವರ್ಟರ್ ಅರಚಲಿಲ್ಲ, ಆಡು ನಿಲ್ಲಲಿಲ್ಲ. ಕಾಕಾ ಹಿಂಗೈಯನ್ನು ಅದರ ಮೇಲಿಟ್ಟುಕೊಂಡೇ ನಿಂತಿದ್ದರು.

ಹುಡುಗನ ಮುಖ ಸಿಗಲಿಲ್ಲ. ಕ್ಯಾಮೆರಾ ಉಣ್ಣುತ್ತಿದ್ದ ಒಬ್ಬ ಮುದುಕರ ಮೇಲಿತ್ತು. ಪಕ್ಕದಿಂದ ಸಾರಿನ ಬಕೆಟ್ಟು, ತೊಯ್ದ ತೋಳು, ಒಂದು ಕೈ ಬಂತು. ಒಂದು ದನಿಯೂ ಬಂತು: "ಅಜ್ಜಾ, ಇನ್ನೊಂಚೂರು ಹಾಕ್ಲಿ?"

ತಾಯಿಗೆ ಹೇಳಿಕಳಿಸಿದೆವು. ಬಂದಳು. ಹಚ್ಚುವ ಮೊದಲೇ ಕಾಕಾ, "ಮುಖ ಇಲ್ಲವ್ವ, ಅಂವನೋ ಅಲ್ಲೋ ನೀನ ಹೇಳಬೇಕು," ಎಂದರು. ಹಚ್ಚಿದರು. ಅವಳು ಟಿವಿಯ ಹತ್ತಿರ ಹೋಗಿ ನಿಂತಳು.

"ಇನ್ನೊಮ್ಮಿ ಹಚ್ರಿ," ಎಂದಳು.

ಕಾಕಾ ಇನ್ನೊಮ್ಮೆ ಹಚ್ಚಿದರು, ಮತ್ತೊಮ್ಮೆ ಹಚ್ಚಿದರು. ಆ ದಿನ ಅವರು ಹೊರಗೆ ಹೋಗಿ ನಿಲ್ಲಲಿಲ್ಲ.

ಆಮೇಲೆ ಅವರು ಮನೆಮನೆಗೆ ಹೋಗಿ ಕ್ಯಾಸೆಟ್ಟುಗಳನ್ನು ಬೇಡಿ ತಂದರು. ಕೆಲವು ಬೂಷ್ಟು ಹಿಡಿದಿದ್ದವು, ಕೆಲವರು ಒಗೆದುಬಿಟ್ಟಿದ್ದರು. ಸಿಕ್ಕವುಗಳ ಊಟದ ಸಾಲುಗಳನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಿದರು. ಆ ತಾಯಿ ಜಹೀರಾಬಾದಿನ ಸಂತೆಗೆ ಬಂದಾಗಲೆಲ್ಲ ಅಂಗಡಿಗೆ ಬಂದು, ಆ ತುಣುಕು ನೋಡಿ ಹೋಗುತ್ತಿದ್ದಳು. ಅವಳು ಯಾವ ವಾರ ಬರುವಳೋ ಗೊತ್ತಿಲ್ಲವೆಂದು ಕಾಕಾ ಯಂತ್ರವನ್ನು ಆರಿಸುತ್ತಲೇ ಇರಲಿಲ್ಲ.

ರಾಜ್ಯ ಬಂತು. ಅದಾದ ಮೇಲೆ ಕಾಕಾ ಬಹಳ ಕಾಲ ಉಳಿಯಲಿಲ್ಲ. ಒಂದು ಮದುವೆ ಮುಗಿಸಿ ಬಂದು, ಅಂಗಡಿಯ ಮುಂದೆ ನಿಂತಿದ್ದವರು ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಯಂತ್ರ ಈಗ ನನ್ನ ಹತ್ತಿರ ಇದೆ. ದುಃಖದಲ್ಲಿ ಬಂದವರ ಎದುರು ಏನು ಮಾಡಬೇಕು, ಏನು ಆಡಬಾರದು ಎಂಬುದನ್ನು ನಾನು ಕಲಿತದ್ದು ಅವರಿಂದ.

ಅವರ ದಿನಕರ್ಮಕ್ಕೆ ಆ ತಾಯಿ ಬಂದಳು. ಅಂಗಳದಲ್ಲಿ ಊಟದ ಪಂಕ್ತಿ ಕೂತಿತ್ತು. ಅವಳು ಒಳಗೆ ನನ್ನ ಹತ್ತಿರ ಬಂದಾಗ, ಕೇಳುವ ಮೊದಲೇ ನಾನು ಹಚ್ಚಿದೆ. ಬಕೆಟ್ಟು ಬಂತು, ತೊಯ್ದ ತೋಳು ಬಂತು.

"ಅಜ್ಜಾ, ಇನ್ನೊಂಚೂರು ಹಾಕ್ಲಿ?"

ಅವಳು ಎಲೆಗೆ ಅಡ್ಡ ಹಿಡಿಯುವಂತೆ ಟಿವಿಯ ಕಡೆಗೆ ಅಂಗೈ ಚಾಚಿದಳು.

"ಸಾಕಪಾ," ಎಂದಳು. "ಎಲ್ಲಾರದೂ ಆತು. ಈಗ ನೀ ಉಣ್ಣಾಕ ಕೂಡು."