ಹಾಲೆಂಡಿನವನ ಹೆಸರಿನ ಅರ್ಚನೆ

ಮದುವೆಯಾದ ಹೊಸತರಲ್ಲಿ ನಮ್ಮ ಸಂಸಾರದಲ್ಲಿ ಮೂರನೆಯವನೊಬ್ಬನಿದ್ದ. ಟಿವಿಯಲ್ಲಷ್ಟೇ ಕಾಣುವ ಹಾಲೆಂಡಿನ ಕಾರ್ ರೇಸಿನವನು. ನನ್ನ ಗಂಡ ವಾರವೆಲ್ಲ ರಾಜಾಜಿನಗರದ ವರ್ಕ್‌ಶಾಪಿನಲ್ಲಿ ದುಡಿದು, ಭಾನುವಾರ ಬೆಳಿಗ್ಗೆ ಕೆಂಗೇರಿಯಾಚೆಯ ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ರೇಸಿಗೆ ಇಳಿಯುತ್ತಿದ್ದರು. ಅವರು ಮನೆ ಸೇರುವವರೆಗೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಮೊಣಕೈ ತರಚಿಕೊಂಡು ಬಂದ ದಿನ ಜಗಳ ತೆಗೆದೆ.

“ಬಿಟ್ಟುಬಿಡ್ರೀ ಇದನ್ನ. ನಿಮಗೇನಾದ್ರೂ ಆದ್ರೆ ನನ್ ಗತಿ ಏನು?”

“ಆ ಹಾಲೆಂಡಿನವನ್ನ ನೋಡೇ. ಚಿಕ್ಕ ಹುಡುಗ ಆಗಿದ್ದಾಗಿಂದ ಓಡಿಸ್ತಾ ಇದಾನೆ. ಏನಾದ್ರೂ ಆಯ್ತಾ ಅವನಿಗೆ?”

ಊಟಕ್ಕೆ ಕುಳಿತರೆ ಅವನದೇ ಪುರಾಣ. ಸಣ್ಣ ರೇಸುಗಳಲ್ಲಿ ಗೆದ್ದು ದೊಡ್ಡ ತಂಡ ಸೇರಿದ್ದು, ಕಾರೇ ಸಿಗದೆ ಒಂದು ವರ್ಷ ಸುಮ್ಮನೆ ಕೂತದ್ದು, ಮತ್ತೆ ಬಂದು ಕಪ್ ಹೊಡೆದದ್ದು. ಸವತಿಯಿದ್ದಿದ್ದರೂ ಇಷ್ಟು ಕಾಟವಿರುತ್ತಿರಲಿಲ್ಲ. ಆದರೆ ಕೇಳಿ ಕೇಳಿ, ಅವನು ಕ್ಷೇಮವಾಗಿರುವವರೆಗೆ ಇವರಿಗೂ ಏನೂ ಆಗದು ಎಂಬ ಹುಚ್ಚು ನಂಬಿಕೆ ನನಗೇ ಅಂಟಿಕೊಂಡಿತು. ಅವನ ರೇಸಿರುವ ದಿನ ಬಸವೇಶ್ವರನಗರದ ನಮ್ಮ ಬೀದಿಯ ಗಣಪತಿ ಗುಡಿಗೆ ಹೋಗಿ ಅವನ ಹೆಸರಿನಲ್ಲಿ ಅರ್ಚನೆ ಮಾಡಿಸತೊಡಗಿದೆ. ಅರ್ಚಕರು ಹೆಸರನ್ನು ಎರಡೆರಡು ಸಲ ಕೇಳಿ, “ಗೋತ್ರ, ನಕ್ಷತ್ರ ಏನಮ್ಮಾ?” ಎಂದರು. ಗಾಬರಿಯಲ್ಲಿ ನನ್ನ ಗಂಡನದ್ದನ್ನೇ ಹೇಳಿಬಿಟ್ಟೆ.

ಅದೇ ಎಡವಟ್ಟಾಯಿತು. ಒಂದೇ ನಕ್ಷತ್ರ ಕೊಟ್ಟು ಇಬ್ಬರ ಹಣೆಬರಹಕ್ಕೂ ನಾನೇ ಗಂಟು ಹಾಕಿದೆನೇನೋ ಎಂಬ ಭಯ ಹಿಡಿಯಿತು. ಒಂದು ಸಂಜೆ ಟಿವಿಯಲ್ಲಿ ಅವನ ಕಾರು ಗೋಡೆಗೆ ಬಡಿದು ಚೂರಾಯಿತು. ಗಂಡ ಪಕ್ಕದಲ್ಲೇ ಕೂತಿದ್ದರೂ ಅವರ ಮೈ ಮುಟ್ಟಿ ನೋಡಿದೆ. ಹೊಗೆಯ ನಡುವಿನಿಂದ ಅವನು ಎದ್ದು ಬಂದು ಕೈಬೀಸಿದ.

“ನೋಡಿದ್ಯಾ? ಏನೂ ಆಗಲ್ಲ ಕಣೇ” ಎಂದು ಇವರು ನಕ್ಕರು.

ನನ್ನ ಪೂಜೆಯಿಂದಲೇ ಇವರ ವಾದ ಗೆಲ್ಲುತ್ತಿದೆಯಲ್ಲ ಎಂದು ಮೈಯೆಲ್ಲ ಉರಿಯಿತು. ಆದರೂ ಅರ್ಚನೆ ನಿಲ್ಲಿಸುವ ಧೈರ್ಯ ಬರಲಿಲ್ಲ.

ಕೊನೆಗೊಂದು ದಿನ ಅವನು ರೇಸಿನಿಂದ ನಿವೃತ್ತನಾದ ಸುದ್ದಿ ಪೇಪರಿನಲ್ಲಿ ಬಂತು. ಬದುಕಿದೆಯಾ ಬಡಜೀವವೇ ಎಂದುಕೊಂಡು ಶಾವಿಗೆ ಪಾಯಸ ಮಾಡಿದೆ.

“ಅವನೇ ಬಿಟ್ಟನಂತೆ. ಇನ್ನು ನೀವೂ ಬಿಡಬೇಕು” ಎಂದೆ.

ಇವರು ಪಾಯಸದ ಬಟ್ಟಲು ಕೆಳಗಿಟ್ಟರು. “ಅವನು ಗೆದ್ದ ಮೇಲೆ ಬಿಟ್ಟ ಕಣೇ. ನಾನು ಒಂದ್ ಸಲನಾದ್ರೂ ಗೆದ್ದಿದೀನಾ?”

ಮುಂದಿನ ಭಾನುವಾರ ಮೊದಲ ಸಲ ನಾನೂ ಜೊತೆಗೆ ಹೋದೆ. ಟ್ರ್ಯಾಕಿನ ಅಂಚಿಗೆ ಕಟ್ಟಿದ್ದ ಹಗ್ಗ ಹಿಡಿದು ಧೂಳಿನಲ್ಲಿ ನಿಂತೆ. ಕೊನೆಯ ಸುತ್ತಿನಲ್ಲಿ ಇವರು ಎರಡನೆಯವರಾಗಿ ತಿರುವಿಗೆ ಬಂದರು. ಬೈಕು ನೆಲಕ್ಕೆ ಒರಗುವಷ್ಟು ವಾಲಿತ್ತು, ನನ್ನ ಎದೆ ಬಾಯಿಗೆ ಬಂದಿತ್ತು. ಆ ಬಾಯಿಯಿಂದಲೇ, ಜೀವಮಾನದಲ್ಲಿ ಎಂದೂ ಆಡಲಾರೆನೆಂದುಕೊಂಡಿದ್ದ ಮಾತು ಹೊರಬಿತ್ತು.

“ಇನ್ನೂ ಜೋರಾಗಿ ಓಡಿಸ್ರೀ!”