ಅಣ್ಣನಿಗೆ ಬಡಿಸಿದ ಅನ್ನ

ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ನಾನು ಅಣ್ಣನನ್ನು ಕುಷ್ಟಗಿ ಕಡೆಯ ನಮ್ಮ ಹಳ್ಳಿಯಿಂದ ಗಂಗಾವತಿಗೆ ಕರೆಸಿಕೊಂಡೆ. ಗಂಡನಿಗೆ ದುಂಬಾಲು ಬಿದ್ದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನ ಕೆಲಸ ಕೊಡಿಸಿದವಳೂ ನಾನೇ. ದಿನವೆಲ್ಲ ಎತ್ತಿನ ಹಿಂದೆ ನಡೆಯುತ್ತಿದ್ದವನು ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತ. ನನಗೆಷ್ಟು ಹೆಮ್ಮೆ!

ಮದುವೆ ಬೇಡವೆಂದು ಒಂಟಿಯಾಗಿ ಉಳಿದಿದ್ದ ಅವನಿಗೆ ಎರಡೂ ಹೊತ್ತಿನ ಊಟ ನನ್ನ ಮನೆಯಲ್ಲೇ. ನಮ್ಮ ತವರಿನಲ್ಲಿ ಅನ್ನ ಮಾಡುತ್ತಿದ್ದದ್ದು ಹಬ್ಬಕ್ಕೆ, ಇಲ್ಲವೇ ಬೀಗರು ಬಂದಾಗ. ಅಣ್ಣನಿಗೆ ರೊಟ್ಟಿ ಹಾಕಿದರೆ ನನ್ನ ಮರ್ಯಾದೆ ಏನಾದೀತು? "ಹಾಕಿಸ್ಕೋ ಅಣ್ಣಾ, ಇಲ್ಲೇನ್ ಅಕ್ಕಿಗೆ ಬರ ಐತೇನು?" ಎನ್ನುತ್ತ, ಅವನು ಕೈ ಅಡ್ಡ ಹಿಡಿದರೂ ಬಿಡದೆ ಬಡಿಸುತ್ತಿದ್ದೆ.

ಅಪ್ಪನಿಗೂ ಸಕ್ಕರೆ ಕಾಯಿಲೆ ಇತ್ತು. ಆದರೆ ಅವನಿಗೆ ಬಂದದ್ದು ಎಪ್ಪತ್ತರ ಹತ್ತಿರ. ಅಣ್ಣನಿಗೆ ನಲವತ್ತಕ್ಕೇ ಬಂತು. ಬಲಗಾಲಿನ ಹೆಬ್ಬೆರಳು ಕಪ್ಪಾಯಿತು, ತೆಗೆದರು; ಆಮೇಲೆ ಮೊಣಕಾಲಿನವರೆಗೂ ತೆಗೆದರು. ಕೊನೆಗೆ ಎಡಪಾದದಲ್ಲೂ ಹುಣ್ಣಾದಾಗ ನಾನು ಡಾಕ್ಟರ ಮುಂದೆ, "ಎಲ್ಲಾ ಅಪ್ಪನ ರಕ್ತದಾಗ ಬಂದೈತ್ರಿ" ಎಂದೆ. ಹಾಗೆಂದರೆ ತಪ್ಪೆಲ್ಲ ಸತ್ತವನ ಮೇಲೆ ಹೋಗುತ್ತದಲ್ಲ.

"ರಕ್ತದಾಗ ಬಂದಿದ್ದು ಖರೇ ಅಕ್ಕಾರ. ಆದ್ರ ಅದೊಂದ ಇಷ್ಟ್ ಲಗೂನ ಕಾಡಂಗಿಲ್ಲ. ಕುಂತ ಕೆಲಸ, ನಡಿಯೂದಿಲ್ಲ, ಎರಡೂ ಹೊತ್ತು ತಾಟ ತುಂಬ ಅನ್ನ. ಎಲ್ಲಾ ಕೂಡಿ ಮಾಡ್ಯಾವ."

"ನಾನೂ ಅದೇ ಅಪ್ಪನ ಮಗಳಲ್ಲೇನ್ರಿ? ಅದೇ ಅನ್ನ ಉಂಡೀನಿ. ನನಗ್ಯಾಕ ಬರಲಿಲ್ಲ?"

"ಒಂದ ಹೊಟ್ಟ್ಯಾಗ ಹುಟ್ಟಿದ್ರೂ ಎಲ್ಲಾರಿಗೂ ಒಂದ ಥರ ಬಂದಿರಂಗಿಲ್ರಿ. ಮತ್ತ ನೀವು ಮನಿಕೆಲಸಕ್ಕಂತ ಓಡಾಡ್ತೀರಿ. ಮುಂದ ನಿಮಗೂ ಬರಬಹುದು."

ಬರಲಿ, ನಾಳೆಯೇ ಬರಲಿ ಎನ್ನಿಸಿತು. ಅಪ್ಪನಿಂದ ಅವನ ಮೈಗೆ ಬಂದದ್ದನ್ನು ಕುರ್ಚಿ ಕೊಟ್ಟು, ಅನ್ನ ಹಾಕಿ ಸಾಕಿದವಳು ನಾನು. ಅಣ್ಣ ಒಂದು ಸಲವಾದರೂ ನನ್ನನ್ನು ಬೈಯಬಾರದಿತ್ತೇ?

ಮರುದಿನ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಆಸ್ಪತ್ರೆಗೆ ಹೋದೆ. ಬುದ್ಧಿ ಬಂತು, ಯಾವಾಗ ಬಂತು ನೋಡಿ. ಅವಮಾನ ಮಾಡಿದಳು ಅಂದುಕೊಂಡಾನೆಂದು ಹೆದರುತ್ತಲೇ ಡಬ್ಬಿ ಬಿಚ್ಚಿದೆ. ಅವನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದ.

"ಇಷ್ಟ್ ವರ್ಷ ಇದನ್ನ ಕೇಳಬೇಕಂತಿದ್ನಿ ತಂಗೆವ್ವಾ," ಎಂದ. "ನೀ ಅಷ್ಟ್ ಹೌಸಿಲೆ ಅನ್ನ ನೀಡ್ತಿದ್ದಿ. ಕೇಳಾಕ ಬಾಯಿ ಬರಲಿಲ್ಲ."

ಅಷ್ಟರಲ್ಲಿ ನರ್ಸ್ ನನ್ನನ್ನು ಕರೆದಳು. ಆ ಇನ್ನೊಂದು ಪಾದ ತೆಗೆಯಲು ಸಹಿಯನ್ನೂ ನಾನೇ ಹಾಕಬೇಕಿತ್ತು.