ತೀರ್ಥಮ್ಮನ ಬೇಳೆ ಪರೀಕ್ಷೆ

ಸಿಂಗಟಗೆರೆಯಿಂದ ಮೂರು ಮೈಲಿ ಆಚೆಗಿನ ಆ ಊರಿನಲ್ಲಿ ಯಾರೇ ಬೋರು ಕೊರೆಸಿದರೂ ಮೊದಲ ಬಿಂದಿಗೆ ನೀರು ತೀರ್ಥಮ್ಮನ ಅಡುಗೆಮನೆಗೆ ಬರುತ್ತಿತ್ತು. ಆಕೆ ಅದರಲ್ಲಿ ಒಂದು ಹಿಡಿ ತೊಗರಿಬೇಳೆ ಹಾಕಿ ಒಲೆಗಿಡುತ್ತಿದ್ದಳು. ಬೇಳೆ ಅರಳಿ ಕರಗಿದರೆ ನೀರು ಮನುಷ್ಯರಿಗೆ, ಕಾಳುಕಾಳಾಗಿಯೇ ಉಳಿದರೆ ದನಕರುಗಳಿಗೆ. ಮನೆಗೆ ಕುಕ್ಕರು ಬಂದ ಮೇಲೂ ಈ ಕೆಲಸಕ್ಕೆ ಮಾತ್ರ ಹಳೇ ಪಾತ್ರೆಯೇ ಆಗಬೇಕು. ಕುಕ್ಕರು ಎಂಥಾ ಕೆಟ್ಟ ನೀರನ್ನೂ ಒಳ್ಳೆಯದೆಂದು ತೋರಿಸಿಬಿಡುತ್ತದೆ ಎಂಬುದು ಆಕೆಯ ವಾದ.

ಹದಿನಾಲ್ಕು ವರ್ಷದ ಕೆಳಗೆ ಊರಿಗೆಂದು ಎರಡು ಬೋರು ಕೊರೆಸಿದರು. ಕೆರೆ ಏರಿಯ ಕೆಳಗಿನದರಲ್ಲಿ ಬೇಳೆ ಏನು ಮಾಡಿದರೂ ಬೇಯಲಿಲ್ಲ. ದೇವಸ್ಥಾನದ ಮುಂದಿನದರಲ್ಲಿ ಅರ್ಧ ಗಂಟೆಗೆಲ್ಲ ಕರಗಿಹೋಯಿತು. ತೀರ್ಥಮ್ಮ ಹೂಂ ಅಂದಳು, ಅಲ್ಲೊಂದು ನೀರಿನ ತೊಂಬೆ ಎದ್ದಿತು, ಊರಿಗೆ ಊರೇ ಅದರ ನೀರು ಕುಡಿಯಿತು. ಬೀರೂರಿನಲ್ಲಿ ರೈಲಿಳಿದು ಬಂದ ನೆಂಟರು ಸಾರನ್ನು ಹೊಗಳಿದರೆ, ಆ ನೀರು ಆರಿಸಿದ್ದು ಯಾರು ಎಂದು ನೆನಪಿಸದೆ ಆಕೆ ಬಿಡುತ್ತಿರಲಿಲ್ಲ.

ಹೋದ ವರ್ಷ ಪಂಚಾಯಿತಿಯವರು, ಊರಿನ ನೀರನ್ನು ಊರಿನ ಹೆಂಗಸರೇ ಪರೀಕ್ಷೆ ಮಾಡಲಿ ಎಂದು ಐದು ಜನರನ್ನು ಕೇಳಿದರು. ತೀರ್ಥಮ್ಮ ಮೊದಲು ಹೆಸರು ಕೊಟ್ಟಳು. ಕಲಿಯುವುದಕ್ಕಲ್ಲ, ತನಗೆ ಗೊತ್ತಿರುವುದನ್ನು ಪಂಚಾಯಿತಿ ಕೊಡುವ ಪರೀಕ್ಷೆಯ ಕಿಟ್‌ ಕೂಡ ಒಪ್ಪುತ್ತದೆಂದು ತೋರಿಸುವುದಕ್ಕೆ. ಕಡೂರಿನ ಪ್ರಯೋಗಾಲಯದಿಂದ ಬಂದ ತನುಜಾ ಎಂಬ ಹುಡುಗಿ ಸಣ್ಣ ಸೀಸೆಗಳನ್ನು ಸಾಲಾಗಿಟ್ಟು ಹೇಳಿಕೊಟ್ಟಳು. ಔಷಧಿಯ ಹನಿ ಹಾಕಿದ ನೀರು ಗುಲಾಬಿಯಾಗಿದ್ದರೆ ಫ್ಲೋರೈಡ್‌ ಕಡಿಮೆ, ಹಳದಿಗೆ ತಿರುಗಿದರೆ ಜಾಸ್ತಿ.

ಏರಿ ಕೆಳಗಿನ ನೀರು ಗುಲಾಬಿಯಾಗಿ ನಿಂತಿತು. ದೇವಸ್ಥಾನದ ನೀರು ಹಳದಿಯಾಯಿತು. ಸೀಸೆ ಸರಿಯಾಗಿ ತೊಳೆದಿಲ್ಲ ಎಂದು ತೀರ್ಥಮ್ಮ ತಾನೇ ತೊಳೆದು ಮತ್ತೆ ಮಾಡಿದಳು. ಮೂರು ಸಲ ಮಾಡಿದರೂ ಹಳದಿಯೇ. ಇಂಥ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ ಇರುವುದುಂಟು, ಅದಕ್ಕೇ ಬೇಳೆ ಬೇಗ ಬೇಯುತ್ತದೆ ಎಂದು ತನುಜಾ ಬಿಡಿಸಿ ಹೇಳಿದಳು. ವರ್ಷಗಟ್ಟಲೆ ಕುಡಿದರೆ ದೊಡ್ಡವರಿಗೆ ಮೂಳೆ ನೋವು, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ.

ಹಲ್ಲು ಎಂದಮೇಲೆ ತೀರ್ಥಮ್ಮನ ಕಿವಿಗೆ ಬೇರೇನೂ ಬೀಳಲಿಲ್ಲ. ಹನ್ನೊಂದು ವರ್ಷದ ಮೊಮ್ಮಗಳು ಸ್ಫೂರ್ತಿಯ ಹಲ್ಲಿನ ಮೇಲೆ ಅದೇ ಗೆರೆಗಳಿದ್ದವು. ಸೋಮಾರಿ, ಇದ್ದಿಲಿನಲ್ಲಿ ಸರಿಯಾಗಿ ಉಜ್ಜು ಎಂದು ದಿನಬೆಳಗಾದರೆ ಅವಳನ್ನು ಬೈಯುತ್ತಿದ್ದವಳು ತಾನೇ. ಕೂಸು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ತೀರ್ಥಮ್ಮನಿಗೆ ನಾಚಿಕೆಯಾಯಿತು.

ಕಡೂರಿಗೆ ಕಳಿಸಿದ ನೀರಿನ ವರದಿಯೂ ವಾರದಲ್ಲಿ ಅದನ್ನೇ ಹೇಳಿತು. ಏರಿ ಕೆಳಗಿನದು ಗಡಸು ನೀರಾದರೂ ಕುಡಿಯಲು ತೊಂದರೆಯಿಲ್ಲ ಎಂದೂ ಇತ್ತು. ಜಗಲಿಯ ಮೇಲೆ ಪೇಪರ್‌ ಓದುತ್ತಿದ್ದ ಗಂಡ ದೇವೀರಪ್ಪ, ಪಂಚಾಯಿತಿಯವರು ನೋಟೀಸು ಅಂಟಿಸುತ್ತಾರೆ, ನೀನು ಬಾಯಿ ಬಿಡಬೇಡ, ನಾಳೆ ನಿನ್ನ ಮಾತನ್ನು ಯಾರು ನಂಬುತ್ತಾರೆ ಎಂದ. ಅದು ಸುಳ್ಳಲ್ಲ. ಊರಿನಲ್ಲಿ ತೀರ್ಥಮ್ಮನದು ಅಂತ ಇದ್ದದ್ದು ಆ ಒಂದು ಮಾತು.

"ಕುಡೀರಿ ಅಂದೋಳು ನಾನೇ ಕಣ್ರೀ. ಬ್ಯಾಡ ಅಂತ್ಲೂ ನಾನೇ ಅನ್ಬೇಕು," ಎಂದಳು.

ಮರುದಿನ ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕಲು ನಿಂತವರ ಮುಂದೆ ಎಲ್ಲವನ್ನೂ ಹೇಳಿದಳು. ಪಕ್ಕದ ಮನೆಯ ಹಾಲಮ್ಮ ಮೊದಲು ಬಾಯಿಬಿಟ್ಟಳು.

"ಏರಿ ನೀರಲ್ಲಿ ಬೇಳೆ ಬೇಯಲ್ಲ ಅಂದೋಳು ನೀನೇ ಅಲ್ವೇನೇ ತೀರ್ಥಕ್ಕ?"

ಇದು ಬರುತ್ತದೆಂದು ಗೊತ್ತಿದ್ದ ತೀರ್ಥಮ್ಮ ಸೆರಗಿನ ಮರೆಯಿಂದ ಡಬ್ಬಿ ತೆಗೆದಳು. ಏರಿ ನೀರಿನಲ್ಲಿ ಮಾಡಿದ ಸಾರು. ಬೇಳೆಯನ್ನು ಸಂಜೆಯೇ ನೆನೆಸಿ, ಕುಕ್ಕರಿನಲ್ಲಿ ನಾಲ್ಕು ಕೂಗು ಜಾಸ್ತಿ ಕೂಗಿಸಿದ್ದಳು. ಕುಕ್ಕರಿನ ಮೇಲಿನ ಮುನಿಸು ಅಲ್ಲಿಗೆ ತೀರಿತ್ತು. ಹಾಲಮ್ಮ ಅಂಗೈಗೆ ಹಾಕಿಸಿಕೊಂಡು ನೆಕ್ಕಿ, ಒಂಚೂರು ಗಟ್ಟಿ, ಆದರೂ ಪರವಾಗಿಲ್ಲ ಎಂದಳು. ಹಾಲು ಅಳೆಯುತ್ತಿದ್ದ ಶಿವಮೂರ್ತಪ್ಪ, ಹಂಗಾದರೆ ಇಷ್ಟು ವರ್ಷ ಪಾಸು ಮಾಡಿದ ಮೇಷ್ಟರೇ ಫೇಲು ಎಂದು ಕಾಲೆಳೆದ. ತೀರ್ಥಮ್ಮನೂ ನಕ್ಕಳು. ನಕ್ಕಮೇಲೆ ಎದೆ ಹಗುರಾಯಿತು.

ತಿಂಗಳೊಳಗೆ ನಲ್ಲಿಗಳಿಗೆ ಏರಿ ಕೆಳಗಿನ ನೀರು ಬಂತು. ಕುಡಿಯಬಾರದೆಂಬ ಗುರುತಿಗೆ ದೇವಸ್ಥಾನದ ತೊಂಬೆಗೆ ಕೆಂಪು ಬಣ್ಣ ಹೊಡೆಯುವಾಗ ಬ್ರಷ್ಷು ಹಿಡಿದದ್ದು ತೀರ್ಥಮ್ಮನೇ. ಸ್ಕೂಲು ಬಿಟ್ಟು ಬಂದ ಸ್ಫೂರ್ತಿ ಪಕ್ಕದಲ್ಲಿ ನಿಂತಳು.

"ನಿನ್ ಹಲ್ಲಿಂದೇನೂ ತಪ್ಪಿಲ್ಲ ಕಣೇ," ಎಂದಳು ತೀರ್ಥಮ್ಮ, ಗೋಡೆ ನೋಡುತ್ತಲೇ. "ನೀರು ಆರ್ಸಿದ್ದೂ ನಾನೇ, ನಿನ್ನ ಬೈದಿದ್ದೂ ನಾನೇ."

ಸ್ಫೂರ್ತಿ, ನಾಳೆಯಿಂದ ಇದ್ದಿಲು ಬೇಡವಾ ಎಂದು ಕೇಳಿದಳು. ಬೇಡ ಎಂದಳು ಅಜ್ಜಿ.

ಇಬ್ಬರೂ ಮನೆಗೆ ಬಂದರೆ ಬಾಗಿಲಲ್ಲಿ ಒಂದು ಬಿಂದಿಗೆ ನೀರು ಕೂತಿತ್ತು. ಕಲ್ಲೇಶನ ತೆಂಗಿನ ತೋಟದಲ್ಲಿ ಹೊಸ ಬೋರಿಗೆ ನೀರು ಬಿದ್ದಿದೆಯಂತೆ, ನೀನು ನೋಡಿ ಹೇಳುವತನಕ ಕುಡಿಯುವುದಿಲ್ಲವಂತೆ ಎಂದು ದೇವೀರಪ್ಪ ಪೇಪರಿನ ಹಿಂದಿನಿಂದಲೇ ವರದಿ ಒಪ್ಪಿಸಿದ. ತೀರ್ಥಮ್ಮ ಬಿಂದಿಗೆಯನ್ನು ನೋಡುತ್ತ ನಿಂತುಬಿಟ್ಟಳು. ಕಣ್ಣು ಒದ್ದೆಯಾಗಿತ್ತು.

"ಬೇಳೆನಾ ಅಜ್ಜಿ, ಹನಿನಾ?"

"ಮೊದ್ಲು ಹನಿ. ಆಮೇಲೆ ಬೇಳೆ."

ಸ್ಫೂರ್ತಿ ನಕ್ಕಳು. ರೂಢಿಯಂತೆ ಬಾಯಿಯ ಕಡೆಗೆ ಎದ್ದ ಕೈ ಅರ್ಧಕ್ಕೇ ಇಳಿದು, ಬಿಂದಿಗೆಯ ಕಂಠ ಹಿಡಿಯಿತು.